ಗ್ರಾಹಕರ ಆಯೋಗದ ಆದೇಶ ಬಂದಿದೆ, ಸಿಕ್ಕಿದ್ದು 75,000. ಅಪೀಲು ಹೋಗಬೇಕಾ?

ಮೈಸೂರು_ಮನೆ

ಎಲ್ಲರಿಗೂ ನಮಸ್ಕಾರ. ಅಪೀಲಿನ ಬಗ್ಗೆ ಗೊತ್ತಿರುವವರು ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮ ಮನೆಯ ಒಳಗಿನ ಮರಗೆಲಸವನ್ನು ಒಬ್ಬ ಕಾಂಟ್ರಾಕ್ಟರ್‌ಗೆ 6,40,000 ರೂಪಾಯಿಗೆ ಒಪ್ಪಿಸಿದ್ದೆವು. ಅಡುಗೆಮನೆ, ಮೂರು ವಾರ್ಡ್‌ರೋಬ್, ಟಿವಿ ಗೋಡೆ, ದೇವರ ಮನೆ ಬಾಗಿಲು. ಛಾಪಾ ಕಾಗದದ ಮೇಲೆ ಕರಾರು ಇದೆ. 4,50,000 ಕೊಟ್ಟಾಗಿತ್ತು. ಅಡುಗೆಮನೆಯ ಕೆಳಗಿನ ಕಪಾಟು, ವಾರ್ಡ್‌ರೋಬ್‌ಗಳ ಬಾಕ್ಸ್ ಆದಮೇಲೆ ಕೆಲಸ ನಿಂತುಹೋಯಿತು. ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಅಂದರು, ಆಮೇಲೆ ಫೋನೇ ಎತ್ತಲಿಲ್ಲ. ಕೊನೆಗೆ ಬೇರೆ ಬಡಗಿಗೆ 2,85,000 ಕೊಟ್ಟು ಮುಗಿಸಿಕೊಂಡೆವು. ಅಷ್ಟರಲ್ಲಿ ನಾಲ್ಕು ತಿಂಗಳು ಜಾಸ್ತಿ ಬಾಡಿಗೆ ಮನೆಯಲ್ಲೇ ಇರಬೇಕಾಯಿತು, ತಿಂಗಳಿಗೆ 14,000.

ಜಿಲ್ಲಾ ಗ್ರಾಹಕರ ಆಯೋಗದಲ್ಲಿ ವಕೀಲರಿಲ್ಲದೆ ನಾನೇ ದೂರು ಹಾಕಿದೆ. 2,85,000 ವಾಪಸ್, ಬಾಡಿಗೆ 56,000, ಪ್ಲೈವುಡ್ ಕಳಪೆ ಎಂದು 50,000, ಮಾನಸಿಕ ಹಿಂಸೆಗೆ 1 ಲಕ್ಷ ಕೇಳಿದ್ದೆ. ಸೇವಾ ನ್ಯೂನತೆ ಆಗಿದೆ ಅಂತ ಒಪ್ಪಿ ಆದೇಶ ಕೊಟ್ಟಿದ್ದಾರೆ. ಆದರೆ ಮೊತ್ತ 60,000, ಪರಿಹಾರ 10,000, ಖರ್ಚು 5,000, ಅಷ್ಟೇ. 45 ದಿನದಲ್ಲಿ ಕೊಡದಿದ್ದರೆ ಶೇಕಡಾ 9 ಬಡ್ಡಿ. ಪ್ಲೈವುಡ್ ವಿಷಯ ಪರೀಕ್ಷಾ ವರದಿ ಇಲ್ಲ ಅಂತ ತಳ್ಳಿಹಾಕಿದ್ದಾರೆ.

ತಪ್ಪು ಅವರದೇ ಅಂತ ಬರೆದು, ಇಷ್ಟು ಕಡಿಮೆ ಕೊಟ್ಟರೆ ಹೇಗೆ? ರಾಜ್ಯ ಆಯೋಗಕ್ಕೆ ಹೋಗಬೇಕು ಅಂತಿದ್ದೇನೆ. ಏನಂತೀರಿ?

ಕಪಿಲಾ_ತೀರ

ಬಂದಷ್ಟು ತಗೊಂಡು ಬಿಟ್ಟುಬಿಡಿ ಸರ್. ಬೆಂಗಳೂರಿಗೆ ಓಡಾಟ, ಕೆಲಸಕ್ಕೆ ರಜೆ, ವಕೀಲರನ್ನು ಇಟ್ಟರೆ ಅವರ ಫೀಸು. ನಮ್ಮ ಭಾವನವರು ಒಂದು ಸಣ್ಣ ಕೇಸು ಹಿಡಿದುಕೊಂಡು ವರ್ಷಗಟ್ಟಲೆ ನೆಮ್ಮದಿ ಕಳೆದುಕೊಂಡರು. ದುಡ್ಡಿಗಿಂತ ಆರೋಗ್ಯ ದೊಡ್ಡದು, ಇದು ಮನಸ್ಸಿನಿಂದ ಹೇಳುತ್ತಿರುವುದು.

ಹಳೇ_ಫೈಲು

ಹೋಗಬೇಕೋ ಬೇಡವೋ ಆಮೇಲೆ ನೋಡೋಣ. ಮೊದಲು ತಾರೀಖು ನೋಡಿ. ನಾನು ಕೋರ್ಟ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಒಳ್ಳೆಯ ಕೇಸುಗಳು ಕಾಲಮಿತಿ ಮೀರಿ ಬಿದ್ದುಹೋಗಿದ್ದನ್ನು ಕಣ್ಣಾರೆ ನೋಡಿದ್ದೇನೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 41ರ ಪ್ರಕಾರ ಜಿಲ್ಲಾ ಆಯೋಗದ ಆದೇಶದ ಮೇಲೆ ರಾಜ್ಯ ಆಯೋಗಕ್ಕೆ 45 ದಿನದೊಳಗೆ ಅಪೀಲು ಹಾಕಬೇಕು. 1986ರ ಹಳೆಯ ಕಾಯ್ದೆಯಲ್ಲಿ ಇದು 30 ದಿನ ಇತ್ತು. ಈಗಲೂ ಕೆಲವರು 30 ಅಂತಲೇ ಹೇಳುತ್ತಾರೆ, ಗೊಂದಲ ಮಾಡಿಕೊಳ್ಳಬೇಡಿ. ಕಲಂನಲ್ಲಿ ಬರೆದಿರುವುದು ಆದೇಶದ ದಿನಾಂಕದಿಂದ ಅಂತ. ಹಳೆಯ ಕಾಯ್ದೆ ಇದ್ದಾಗ, 1995ರಲ್ಲಿ, ಹರಿಯಾಣ ವಸತಿ ಮಂಡಳಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಆದೇಶದ ಪ್ರತಿ ಪಕ್ಷಗಾರರಿಗೆ ತಲುಪಿದ ದಿನದಿಂದ ಲೆಕ್ಕ ಅಂತ ಹೇಳಿತ್ತು. ಆದರೂ ನನ್ನ ಮಾತು ಕೇಳಿ, ಆದೇಶದ ದಿನದಿಂದಲೇ ಎಣಿಸಿ, ಅದರೊಳಗೇ ಹಾಕಿ. ಪ್ರತಿ ಯಾವಾಗ ಸಿಕ್ಕಿತು ಅನ್ನುವ ವಾದವೇ ಏಳಬಾರದು.

ಉಚಿತವಾಗಿ ಕೊಟ್ಟ ಸರ್ಟಿಫೈಡ್ ಕಾಪಿಯ ಮೇಲೆ ಸೀಲು, ತಾರೀಖು ಇರುತ್ತದೆ. ಅದನ್ನು ಲ್ಯಾಮಿನೇಶನ್ ಮಾಡಿಸಬೇಡಿ, ಮಡಚಬೇಡಿ, ಹಾಗೇ ಇಡಿ.

ತಡವಾದರೆ ವಿಳಂಬ ಮನ್ನಾ ಅರ್ಜಿ ಹಾಕಬಹುದು ನಿಜ. ಆದರೆ 2011ರ ಅಂಶುಲ್ ಅಗರ್ವಾಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿದೆ, ಗ್ರಾಹಕರ ವ್ಯಾಜ್ಯ ಬೇಗ ಮುಗಿಯಲಿ ಅಂತಲೇ ಈ ಕಾಯ್ದೆಯಲ್ಲಿ ವಿಶೇಷ ಕಾಲಮಿತಿ ಇಟ್ಟಿರುವುದು, ಬೇಕಾಬಿಟ್ಟಿ ಮನ್ನಾ ಮಾಡಬಾರದು ಅಂತ.

ಮೈಸೂರು_ಮನೆ

ಥ್ಯಾಂಕ್ಸ್ ಸರ್. ಕಾಪಿ ಕಳೆದ ವಾರ ಕೈಗೆ ಬಂತು. ಇನ್ನೂ ಸಮಯ ಇದೆ.

ಕಲ್ಪತರು_ವಕೀಲ

ತುಮಕೂರಿನಲ್ಲಿ ವಕೀಲಿ ಮಾಡುತ್ತೇನೆ, ಗ್ರಾಹಕರ ಕೇಸು ಆಗಾಗ ನೋಡುತ್ತೇನೆ. ನಿಮ್ಮ ಫೈಲು ನೋಡದೆ ಹೇಳುತ್ತಿರುವುದರಿಂದ ಇದನ್ನು ಸಾಮಾನ್ಯ ಮಾಹಿತಿ ಅಂತ ತಗೊಳ್ಳಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಪೀಲು ಕಾಂಟ್ರಾಕ್ಟರ್ ಮೇಲೆ ಹಾಕುವುದಲ್ಲ, ಆದೇಶದ ಮೇಲೆ ಹಾಕುವುದು. ಅವರು ಎಷ್ಟು ಸತಾಯಿಸಿದರು ಅನ್ನುವುದನ್ನು ಮತ್ತೆ ಹತ್ತು ಪುಟ ಬರೆದರೆ ಪ್ರಯೋಜನ ಇಲ್ಲ. ಅವರ ತಪ್ಪು ಆಗಲೇ ಸಾಬೀತಾಗಿದೆ, ಅದರಲ್ಲಿ ನೀವು ಗೆದ್ದಿದ್ದೀರಿ. ಈಗ ತೋರಿಸಬೇಕಾದ್ದು ಜಿಲ್ಲಾ ಆಯೋಗ ಯಾವ ಪ್ಯಾರಾದಲ್ಲಿ, ಯಾವ ದಾಖಲೆ ಬಿಟ್ಟು, ಯಾವ ಲೆಕ್ಕ ತಪ್ಪಿತು ಅಂತ. ಕಲಂ 41ರಲ್ಲಿ ಸಂಗತಿ ಮತ್ತು ಕಾನೂನು ಎರಡರ ಮೇಲೂ ಅಪೀಲು ಹಾಕಬಹುದು. ಇದು ದೊಡ್ಡ ಅನುಕೂಲ, ಸುಮ್ನೆ ಕಳೆದುಕೊಳ್ಳಬೇಡಿ.

ಈಗ ನಿಮ್ಮ ಲೆಕ್ಕ. ನೀವು 2,85,000 ಪೂರ್ತಿ ವಾಪಸ್ ಕೇಳಿದ್ದೀರಿ. ಅದು ನಿಲ್ಲುವುದಿಲ್ಲ. ಯಾಕೆ ಅಂತ ನೋಡಿ. ಕರಾರಿನ ಮೊತ್ತ 6,40,000. ಕೊಟ್ಟಿದ್ದು 4,50,000. ಅಂದರೆ ಕೆಲಸ ಸರಿಯಾಗಿ ಮುಗಿದಿದ್ದರೂ ನೀವು ಇನ್ನೂ 1,90,000 ಕೊಡಬೇಕಿತ್ತು. ಅದು ನಿಮ್ಮ ಹತ್ತಿರವೇ ಉಳಿಯಿತು ಅಲ್ವಾ. ಮುಗಿಸಲು ಖರ್ಚಾದ 2,85,000ದಲ್ಲಿ ಆ 1,90,000 ಕಳೆದರೆ ನಿಮಗೆ ನಿಜವಾಗಿ ಆದ ನಷ್ಟ 95,000. 1872ರ ಕರಾರು ಕಾಯ್ದೆಯ ಕಲಂ 73 ಹೇಳುವುದೂ ಇದನ್ನೇ, ಕರಾರು ಮುರಿದಿದ್ದರಿಂದ ಸಹಜವಾಗಿ ಆದ ನಷ್ಟ ತುಂಬಿಕೊಡಬೇಕು, ಅದಕ್ಕಿಂತ ಜಾಸ್ತಿ ಅಲ್ಲ.

ಹಾಗಾಗಿ ಆಯೋಗ ಕೊಟ್ಟ 60,000 ಎಲ್ಲಿಂದ ಬಂತು? ಆದೇಶದಲ್ಲಿ ಲೆಕ್ಕ ತೋರಿಸಿದ್ದಾರಾ? ಬಾಡಿಗೆ ಬಗ್ಗೆ ಏನು ಬರೆದಿದ್ದಾರೆ? ಈ ಎರಡು ಹೇಳಿ.

ಮೈಸೂರು_ಮನೆ

ಮತ್ತೆ ಪೂರ್ತಿ ಓದಿದೆ. 60,000ಕ್ಕೆ "ಪ್ರಕರಣದ ಸಂಗತಿಗಳನ್ನು ಗಮನಿಸಿ" ಅಂತ ಅಷ್ಟೇ ಇದೆ, ಲೆಕ್ಕ ಇಲ್ಲ. ಬಾಡಿಗೆ ಬಗ್ಗೆ ಒಂದು ಸಾಲೂ ಇಲ್ಲ! ಬಾಡಿಗೆ ಕರಾರು, ರಸೀದಿ ಎಲ್ಲ ಕೊಟ್ಟಿದ್ದೆ. ದಾಖಲೆಗಳ ಪಟ್ಟಿಯಲ್ಲಿ ಸಿ-7, ಸಿ-8 ಅಂತ ಗುರುತು ಹಾಕಿದ್ದಾರೆ, ಒಳಗೆ ಚರ್ಚೆಯೇ ಇಲ್ಲ.

ಕಲ್ಪತರು_ವಕೀಲ

ಅದೇ ನಿಮ್ಮ ಅತಿ ಗಟ್ಟಿ ಆಧಾರ. ಕೇಳಿಕೊಂಡ ಪರಿಹಾರದ ಬಗ್ಗೆ, ಗುರುತು ಹಾಕಿದ ದಾಖಲೆಯ ಬಗ್ಗೆ ಆದೇಶ ಮೌನವಾಗಿದ್ದರೆ ಅದು ಮೇಲಿನವರಿಗೆ ತಕ್ಷಣ ಕಣ್ಣಿಗೆ ಬೀಳುತ್ತದೆ. 2004ರಲ್ಲಿ ಗಾಜಿಯಾಬಾದ್ ಅಭಿವೃದ್ಧಿ ಪ್ರಾಧಿಕಾರ ಮತ್ತು ಬಲ್ಬೀರ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಪರಿಹಾರವನ್ನು ಆಯಾ ಕೇಸಿನ ಸಂಗತಿ ನೋಡಿ ನಿರ್ಧರಿಸಬೇಕು, ಎಲ್ಲದಕ್ಕೂ ಒಂದೇ ದರ ಹಾಕಬಾರದು ಅಂತ ಹೇಳಿದೆ. ಆ ತೀರ್ಪು ಸೇರಿಸಿ.

ಪ್ಲೈವುಡ್ ವಿಷಯ ಮಾತ್ರ ನಾನಾಗಿದ್ದರೆ ಎತ್ತುವುದಿಲ್ಲ. ವಸ್ತುವಿನ ದೋಷ ಬರಿಗಣ್ಣಿಗೆ ಗೊತ್ತಾಗದಿದ್ದರೆ ಮಾದರಿಯನ್ನು ಲ್ಯಾಬಿಗೆ ಕಳಿಸುವ ವ್ಯವಸ್ಥೆ ಕಲಂ 38ರಲ್ಲಿದೆ. ಅದು ಕೆಳಗೆ ಆಗಿಲ್ಲ. ಈಗ ಹೊಸ ವರದಿ ತಂದರೆ, ಮೊದಲೇ ಯಾಕೆ ಕೊಡಲಿಲ್ಲ ಅನ್ನುವ ಪ್ರಶ್ನೆಗೆ ಗಟ್ಟಿ ಉತ್ತರ ಬೇಕು.

ಬಡಗಿ_ಮಂಡ್ಯ

ನಾನು ಇದೇ ಕೆಲಸ ಮಾಡುವವನು. ಮೊದಲಿಗೆ, ಅರ್ಧಕ್ಕೆ ಬಿಟ್ಟು ಹೋಗಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಇಂಥವರಿಂದ ನಮಗೆಲ್ಲ ಕೆಟ್ಟ ಹೆಸರು.

ಆದರೆ ಸರ್, ಎರಡನೇ ಬಡಗಿಯ 2,85,000 ಬಿಲ್ಲಿನಲ್ಲಿ ಏನೇನಿದೆ ಅಂತ ಸರಿಯಾಗಿ ನೋಡಿ. ಬಾಕ್ಸ್ ಆಗಿತ್ತು ಅಂದರೆ ಉಳಿದಿದ್ದು ಶಟರ್, ಲ್ಯಾಮಿನೇಟ್, ಹಿಂಜ್, ಡ್ರಾಯರ್ ಚಾನೆಲ್, ಮೇಲಿನ ಕಪಾಟು, ಟಿವಿ ಗೋಡೆ, ಬಾಗಿಲು. ಇದೆಲ್ಲ ಹಳೆಯ ಕರಾರಿನಲ್ಲಿ ಇದ್ದದ್ದೇ ಆಗಿರಬೇಕು. ಜನ ಏನು ಮಾಡುತ್ತಾರೆ ಅಂದರೆ, ಹೊಸ ಬಡಗಿ ಬಂದಾಗ ಹೇಗೂ ಬಂದಿದ್ದಾರೆ ಅಂತ ಒಂದು ಚಪ್ಪಲಿ ಸ್ಟ್ಯಾಂಡು, ಒಂದು ಲಾಫ್ಟು ಸೇರಿಸುತ್ತಾರೆ. ಸಾದಾ ಹಿಂಜ್ ಬದಲು ಸಾಫ್ಟ್ ಕ್ಲೋಸ್ ಹಾಕಿಸುತ್ತಾರೆ. ಆಮೇಲೆ ಎಲ್ಲ ಸೇರಿಸಿ ಹಳೆಯವನ ತಲೆಗೆ ಕಟ್ಟುತ್ತಾರೆ. ಎದುರಿನ ವಕೀಲರು ಕೊಟೇಶನ್ನು ಬಿಲ್ಲು ಎರಡನ್ನೂ ಪಕ್ಕಪಕ್ಕ ಇಟ್ಟರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಒಂದು ಐಟಂ ಹಾಗೆ ಸಿಕ್ಕರೆ ಉಳಿದ ಲೆಕ್ಕದ ಮೇಲೂ ನಂಬಿಕೆ ಹೋಗುತ್ತದೆ.

ಇನ್ನು ಪ್ಲೈವುಡ್. ಕರಾರಿನಲ್ಲಿ ಐಎಸ್ 710 ಅಂತ ಇದ್ದರೆ ಅದು ನೀರು ತಡೆಯುವ ಮರೀನ್ ಪ್ಲೈ, ಹಾಳೆಯ ಮೇಲೆ ಐಎಸ್‌ಐ ಗುರುತಿನ ಜೊತೆ ನಂಬರ್ ಛಾಪಿಸಿರುತ್ತಾರೆ. ಐಎಸ್ 303 ಅಂದರೆ ಸಾಮಾನ್ಯ ಬಳಕೆಯದು. ಲ್ಯಾಮಿನೇಟ್ ಅಂಟಿಸಿದಮೇಲೆ ಆ ಛಾಪು ಮುಚ್ಚಿಹೋಗುತ್ತದೆ. ಅದಕ್ಕೇ ಹಾಳೆ ಇಳಿಸಿದ ದಿನವೇ ಫೋಟೋ ತೆಗೆದಿಡಿ ಅಂತ ನಾನು ನನ್ನ ಗಿರಾಕಿಗಳಿಗೇ ಹೇಳುತ್ತೇನೆ.

ಮೈಸೂರು_ಮನೆ

ಮಂಡ್ಯದವರೇ, ಒಳ್ಳೆ ಪಾಯಿಂಟ್. ಬಿಲ್ಲು ಐಟಂ ಪ್ರಕಾರವೇ ಇದೆ, ಅದೂ ದಾಖಲೆಯಲ್ಲಿದೆ. ಕೊಟೇಶನ್ ಜೊತೆ ಇಟ್ಟು ನೋಡಿದೆ. ಒಂದು ಬೆಂಚು ಮತ್ತು ಚಪ್ಪಲಿ ಸ್ಟ್ಯಾಂಡು ಹೊಸದು, ಎರಡೂ ಸೇರಿ 15,000. ಉಳಿದದ್ದೆಲ್ಲ ಹಳೆಯ ಕರಾರಿನದೇ.

ಅಂದರೆ ನಷ್ಟ 80,000. ಕೊಟ್ಟಿದ್ದು 60,000. ವ್ಯತ್ಯಾಸ 20,000. ಜೊತೆಗೆ ಬಾಡಿಗೆ 56,000. ಒಟ್ಟು 76,000 ಮತ್ತು ಬಡ್ಡಿ.

ಕಪಿಲಾ_ತೀರ

ನೋಡಿ, ಲಕ್ಷಗಟ್ಟಲೆ ಅಂತ ಶುರುವಾಗಿದ್ದು 76,000ಕ್ಕೆ ಬಂತು. ಇದಕ್ಕೆ ಬೆಂಗಳೂರಿಗೆ ಅಲೆಯಬೇಕಾ?

ತುಂಗಾ_ತೀರ

ಅಲೆಯಬೇಕಾದರೆ ಅಲೆಯಬೇಕು, ಸಂಬಳದಲ್ಲಿ ಬದುಕುವವರಿಗೆ 76,000 ಸಣ್ಣದಲ್ಲ. ಬಿಟ್ಟುಬಿಡಿ ಅನ್ನುವ ಮಾತು ನನಗೂ ಬಹಳ ಜನ ಹೇಳಿದ್ದರು. ಹಾಗೆ ಬಿಡುವವರು ಜಾಸ್ತಿ ಇರುವುದರಿಂದಲೇ ಇವರೆಲ್ಲ ಮುಂಗಡ ಇಸಿದುಕೊಂಡು ಆರಾಮಾಗಿ ಇರುವುದು.

ನನ್ನದು ಶಿವಮೊಗ್ಗ. ಮಗಳ ಮದುವೆಗೆ ಒಂದು ಕಲ್ಯಾಣ ಮಂಟಪ ಗೊತ್ತು ಮಾಡಿ ಮುಂಗಡ ಕೊಟ್ಟಿದ್ದೆವು. ಅವರೇ ಆ ದಿನ ಬೇರೆಯವರಿಗೆ ಕೊಟ್ಟುಬಿಟ್ಟರು. ಮುಂಗಡ ಕೇಳಿದರೆ ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ "ಮುಂಗಡ ವಾಪಸ್ ಇಲ್ಲ" ಅಂತ ತೋರಿಸಿದರು. ಜಿಲ್ಲಾ ಆಯೋಗದಲ್ಲಿ ನಾನು ಗೆದ್ದೆ. ಅಪೀಲು ಹೋದದ್ದು ಅವರು. ನಾನು ಬೆಂಗಳೂರಿನ ಬಸವ ಭವನದಲ್ಲಿದ್ದ ರಾಜ್ಯ ಆಯೋಗಕ್ಕೆ ಹೋಗಿ ನಿಂತೆ, ನನ್ನ ಕಡೆಗೆ ವಕೀಲರು ಇರಲಿಲ್ಲ. ಅಧ್ಯಕ್ಷರು ಎದುರಿನವರಿಗೆ ಒಂದೇ ಪ್ರಶ್ನೆ ಕೇಳಿದರು, ಕೆಳಗಿನ ಆದೇಶದಲ್ಲಿ ತಪ್ಪು ಏನು ಅಂತ. ಅವರ ವಕೀಲರು ಮತ್ತೆ ಮಂಟಪದ ನಿಯಮ, ಸಂಪ್ರದಾಯ ಅಂತ ಶುರು ಮಾಡಿದರು. ಅಪೀಲು ವಜಾ ಆಯಿತು, ಅವರು ಠೇವಣಿ ಇಟ್ಟಿದ್ದ ದುಡ್ಡೇ ನನಗೆ ಬಂತು.

ಅದಕ್ಕೇ ಮೈಸೂರಿನವರೇ, ಆ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇದೆ ಅನ್ನಿಸಿತು ನನಗೆ. ಬಾಡಿಗೆ ಬಗ್ಗೆ ಒಂದು ಸಾಲೂ ಇಲ್ಲ ಅಂದರೆ ಅದೇ ಉತ್ತರ.

ಮೈಸೂರು_ಮನೆ

ಅಕ್ಕ, ನಿಮ್ಮ ಮಾತಿನಿಂದ ಧೈರ್ಯ ಬಂತು. ಠೇವಣಿ ಅಂದಿರಲ್ಲ, ಅದೇನು? ನಾನೂ ಇಡಬೇಕಾ?

ಹಳೇ_ಫೈಲು

ನೀವು ಇಡಬೇಕಿಲ್ಲ. ಯಾರಿಗೆ ದುಡ್ಡು ಕೊಡು ಅಂತ ಆದೇಶ ಆಗಿದೆಯೋ ಅವರು ಅಪೀಲು ಹಾಕುವುದಾದರೆ ಆ ಮೊತ್ತದ ಶೇಕಡಾ 50 ಮೊದಲು ಕಟ್ಟಬೇಕು, ಇಲ್ಲದಿದ್ದರೆ ಅವರ ಅಪೀಲನ್ನು ತಗೊಳ್ಳುವುದೇ ಇಲ್ಲ. ನಿಮ್ಮ ಕಾಂಟ್ರಾಕ್ಟರ್ ಹೋಗುವುದಾದರೆ 37,500 ಇಡಬೇಕು. ಹಳೆಯ ಕಾಯ್ದೆಯಲ್ಲಿ ಅರ್ಧ ಅಥವಾ 25,000, ಯಾವುದು ಕಡಿಮೆಯೋ ಅದು ಅಂತ ಇತ್ತು. ದೊಡ್ಡ ಕಂಪನಿಗಳು 25,000 ಬಿಸಾಕಿ ವರ್ಷಗಟ್ಟಲೆ ಎಳೆಯುತ್ತಿದ್ದವು. ಹೊಸ ಕಾಯ್ದೆಯಲ್ಲಿ ಆ ಮಿತಿ ತೆಗೆದುಹಾಕಿದ್ದು ಬಹಳ ಒಳ್ಳೆಯ ಕೆಲಸ, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಹಾಸನ_ಬೇಕರಿ

ಮಧ್ಯದಲ್ಲಿ ಬರುತ್ತಿದ್ದೇನೆ, ಕ್ಷಮಿಸಿ. ನನ್ನದೂ ಇದೇ ತರಹ, ಆದರೆ ಬೇಕರಿಯ ಕೌಂಟರ್ ಕೆಲಸ. ನಿಮ್ಮದು ವಾಣಿಜ್ಯ ಉದ್ದೇಶ, ನೀವು ಗ್ರಾಹಕರೇ ಅಲ್ಲ ಅಂತ ದೂರನ್ನೇ ವಜಾ ಮಾಡಿದ್ದಾರೆ. ಅಂಗಡಿಯಲ್ಲಿ ನಾನು ನನ್ನ ಹೆಂಡತಿ ಬಿಟ್ಟರೆ ಯಾರೂ ಇಲ್ಲ.

ಕಲ್ಪತರು_ವಕೀಲ

ಬೇಕರಿಯವರೇ, ನಿಮ್ಮದು ಕಾನೂನಿನ ಒಳ್ಳೆಯ ಪ್ರಶ್ನೆ. ಕಲಂ 2(7)ರ ವಿವರಣೆಯಲ್ಲಿ, ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಮಾತ್ರ ಕೊಂಡು ಬಳಸಿದ ವಸ್ತು ವಾಣಿಜ್ಯ ಉದ್ದೇಶಕ್ಕೆ ಬರುವುದಿಲ್ಲ ಅಂತ ಇದೆ. 1995ರ ಲಕ್ಷ್ಮಿ ಎಂಜಿನಿಯರಿಂಗ್ ತೀರ್ಪು ಇದನ್ನೇ ಬಿಡಿಸಿ ಹೇಳಿದೆ. ಅಂಗಡಿ ಅಂದ ತಕ್ಷಣ ವಾಣಿಜ್ಯ ಅಂತಲ್ಲ, ಯಾರು ದುಡಿಯುತ್ತಾರೆ, ಎಷ್ಟು ದೊಡ್ಡದು ಅನ್ನುವುದನ್ನು ನೋಡಬೇಕು. ಈ ಮಾತು ನಿಮ್ಮ ದೂರಿನಲ್ಲೇ ಬರೆದಿತ್ತಾ ನೋಡಿ. ಬರೆದಿದ್ದರೆ ಅಪೀಲಿಗೆ ಬಲ ಬರುತ್ತದೆ. ಬೇರೆ ಚರ್ಚೆ ತೆರೆಯಿರಿ, ಅಲ್ಲಿ ಬರೆಯುತ್ತೇನೆ.

ಕೃಷ್ಣಾ_ದಂಡೆ

ಪುನರ್ವಿಮರ್ಶೆ ಅಂತ ಒಂದು ಇದೆಯಲ್ಲ, ಅದೇ ಆಯೋಗದಲ್ಲಿ ಮತ್ತೆ ನೋಡಿ ಅಂತ ಕೇಳುವುದು. ಬಾಡಿಗೆ ಬಿಟ್ಟುಹೋಗಿದೆ ಅಂತ ಅಲ್ಲೇ ಕೇಳಿದರೆ ಆಗಲ್ವಾ? ಬೆಂಗಳೂರು ತಪ್ಪುತ್ತದೆ.

ಕಲ್ಪತರು_ವಕೀಲ

ಕಲಂ 40 ಇದೆ. ದಾಖಲೆಯ ಮುಖದ ಮೇಲೇ ಎದ್ದು ಕಾಣುವ ತಪ್ಪಿಗೆ ಮಾತ್ರ, ಅದೂ 30 ದಿನದೊಳಗೆ. ಕೂಡಿಸುವಾಗ ತಪ್ಪಾಗಿದೆ, ಹೆಸರು ತಪ್ಪಾಗಿದೆ, ಅಂಥದ್ದಕ್ಕೆ ಸರಿ. ಬಾಡಿಗೆ ಕೊಡಬೇಕೋ ಬೇಡವೋ ಅಂತ ಹೊಸದಾಗಿ ತೀರ್ಮಾನ ಮಾಡಿ ಅಂದರೆ ಅದು ಆ ಚೌಕಟ್ಟಿನಲ್ಲಿ ಕೂರುವುದು ಕಷ್ಟ. ಅದರ ಹಿಂದೆ ಹೋಗಿ ಅಪೀಲಿನ 45 ದಿನ ಕಳೆದುಕೊಂಡರೆ ಎರಡೂ ಹೋಯಿತು. ನಾನು ಅಪೀಲನ್ನೇ ಆರಿಸುತ್ತೇನೆ.

ಮೈಸೂರು_ಮನೆ

ಇನ್ನೊಂದು ಭಯ ಇದೆ. ನಾನು ಅಪೀಲು ಹಾಕಿದರೆ ಈಗ ಸಿಕ್ಕಿರುವ 75,000ವೂ ನಿಂತುಬಿಡುತ್ತದಾ? ಅಥವಾ ಅಲ್ಲಿ ಕಡಿಮೆ ಮಾಡಿಬಿಟ್ಟರೆ?

ಕಲ್ಪತರು_ವಕೀಲ

ಅಪೀಲು ಹಾಕಿದ ಮಾತ್ರಕ್ಕೆ ಆದೇಶ ನಿಲ್ಲುವುದಿಲ್ಲ. ನಿಲ್ಲಬೇಕಾದರೆ ರಾಜ್ಯ ಆಯೋಗ ತಡೆಯಾಜ್ಞೆ ಕೊಡಬೇಕು. ನೀವು ಕೇಳುತ್ತಿರುವುದು ಜಾಸ್ತಿ ಮಾಡಿ ಅಂತ, ಹಾಗಾಗಿ ನೀವು ತಡೆ ಕೇಳುವ ಪ್ರಶ್ನೆಯೇ ಇಲ್ಲ. 45 ದಿನದಲ್ಲಿ ಅವರು 75,000 ಕೊಡಲು ಬಂದರೆ ತಗೊಳ್ಳಿ. ಆದರೆ "ಅಪೀಲಿನ ಹಕ್ಕು ಉಳಿಸಿಕೊಂಡು ಪಡೆದಿದ್ದೇನೆ" ಅಂತ ಬರೆದುಕೊಡಿ. "ಪೂರ್ಣ ಮತ್ತು ಅಂತಿಮ ಇತ್ಯರ್ಥ" ಅಂತ ಇರುವ ಕಾಗದಕ್ಕೆ ದಯವಿಟ್ಟು ಸಹಿ ಹಾಕಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ಕೊಡದಿದ್ದರೆ ಕಲಂ 71ರಲ್ಲಿ ಅಮಲ್ಜಾರಿ ಅರ್ಜಿ ಹಾಕಬಹುದು, ಸಿವಿಲ್ ಕೋರ್ಟಿನ ಡಿಕ್ರಿಯ ಹಾಗೆ ಜಾರಿ ಮಾಡುತ್ತಾರೆ. ಕಲಂ 72 ಇನ್ನೂ ಬಿಗಿ. ಆದೇಶ ಪಾಲಿಸದವರಿಗೆ ಕನಿಷ್ಠ ಒಂದು ತಿಂಗಳು, ಗರಿಷ್ಠ ಮೂರು ವರ್ಷ ಜೈಲು, ಅಥವಾ 25,000ದಿಂದ 1 ಲಕ್ಷದವರೆಗೆ ದಂಡ, ಅಥವಾ ಎರಡೂ.

ಕಡಿಮೆ ಮಾಡುವ ಬಗ್ಗೆ. ಎದುರಿನವರು ತಮ್ಮದೇ ಅಪೀಲು ಹಾಕದಿದ್ದರೆ, ನಿಮ್ಮ ಅಪೀಲಿನಲ್ಲಿ ನಿಮಗೆ ಸಿಕ್ಕಿದ್ದನ್ನು ಸಾಮಾನ್ಯವಾಗಿ ಕಡಿಮೆ ಮಾಡುವುದಿಲ್ಲ. ಆದರೆ ನಿಮ್ಮ ನೋಟಿಸು ಹೋದಮೇಲೆ ಅವರೂ ಎದ್ದು ಕೂರಬಹುದು, ತಡವಾಗಿ ಅಪೀಲು ಹಾಕಲು ನೋಡಬಹುದು. ಆ ಅಪಾಯ ಇದ್ದೇ ಇದೆ. ಇದಕ್ಕೆ ಉಲ್ಟಾ ಕೂಡ ನೆನಪಿಡಿ. ಅವರೊಬ್ಬರೇ ಅಪೀಲು ಹೋಗಿ ನೀವು ಸುಮ್ಮನಿದ್ದರೆ, ಅಲ್ಲಿ ಹೋಗಿ ನನಗೆ ಇನ್ನೂ ಜಾಸ್ತಿ ಕೊಡಿ ಅನ್ನಲು ಆಗುವುದಿಲ್ಲ. ಅವರ ಅಪೀಲಿನಲ್ಲೇ ನಮ್ಮ ಬೇಡಿಕೆ ಸೇರಿಸುವ ಪ್ರತಿ-ಆಕ್ಷೇಪಣೆಗೆ (ಕ್ರಾಸ್ ಆಬ್ಜೆಕ್ಷನ್) ಈ ಕಾಯ್ದೆಯಲ್ಲಿ ಬೇರೆ ಕಲಂ ಇಲ್ಲ. ಜಾಸ್ತಿ ಬೇಕಿದ್ದರೆ ನಿಮ್ಮದೇ ಅಪೀಲು ಇರಬೇಕು, ವಾಯಿದೆಯೊಳಗೆ.

ಬಡಗಿ_ಮಂಡ್ಯ

ರಾಜಿ ಮಾಡಿಕೊಳ್ಳುವ ದಾರಿ ಇಲ್ವಾ? ಎಷ್ಟೋ ಸಲ ಕಾಂಟ್ರಾಕ್ಟರ್ ಒಂದು ಕಡೆಯ ದುಡ್ಡು ಇನ್ನೊಂದು ಕಡೆಗೆ ಹಾಕಿ ಸಿಕ್ಕಿಹಾಕಿಕೊಂಡಿರುತ್ತಾನೆ. ಕಂತಿನಲ್ಲಿ ಕೊಡಲು ಒಪ್ಪಬಹುದು.

ಹಳೇ_ಫೈಲು

ಇದೆ. ಮಧ್ಯಸ್ಥಿಕೆಗೆ ಕಳಿಸಿ ಅಂತ ಆಯೋಗವನ್ನೇ ಕೇಳಬಹುದು. ಒಂದೇ ಎಚ್ಚರಿಕೆ, ಮಧ್ಯಸ್ಥಿಕೆಯಲ್ಲಿ ರಾಜಿಯಾಗಿ ಅದರ ಪ್ರಕಾರ ಜಿಲ್ಲಾ ಆಯೋಗ ಆದೇಶ ಮಾಡಿದರೆ ಅದರ ಮೇಲೆ ಅಪೀಲು ಇಲ್ಲ, ಕಲಂ 41ರಲ್ಲೇ ಹಾಗಿದೆ. ಆದ್ದರಿಂದ ಕಂತು, ತಾರೀಖು, ತಪ್ಪಿದರೆ ಏನು, ಎಲ್ಲ ಬರವಣಿಗೆಯಲ್ಲಿ ಇರಲಿ.

ಕಪಿಲಾ_ತೀರ

ಇಷ್ಟೆಲ್ಲ ಓದಿದಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಆದರೂ ಓಡಾಟದ ಮಾತು ಉಳಿಯಿತು. ಅದಕ್ಕೆ ಏನು ಮಾಡುತ್ತೀರಿ?

ತುಂಗಾ_ತೀರ

ಇ-ಜಾಗೃತಿ ಪೋರ್ಟಲ್‌ನಲ್ಲಿ ಅಪೀಲನ್ನು ಆನ್‌ಲೈನ್ ಹಾಕಬಹುದು. ವಿಡಿಯೋ ಕಾನ್ಫರೆನ್ಸ್‌ನಲ್ಲಿ ಹಾಜರಾಗಲು ಅರ್ಜಿ ಕೊಡಬಹುದು, ಒಪ್ಪುವುದು ಬಿಡುವುದು ಆಯೋಗಕ್ಕೆ ಬಿಟ್ಟದ್ದು. ವಕೀಲರು ಬೇಕು ಅನ್ನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಸಹಾಯವಾಣಿ 15100. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ, ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಕರಾರು ನಿಮ್ಮ ಮನೆಯವರ ಹೆಸರಿನಲ್ಲಿ ಇದೆಯಾ? ಅವರೇ ದೂರುದಾರರಾಗಿದ್ದರೆ ಕೇಳಿ ನೋಡಿ.

ಮೈಸೂರು_ಮನೆ

ಇಲ್ಲ ಅಕ್ಕ, ನನ್ನ ಹೆಸರಿನಲ್ಲೇ ಇದೆ. ನಾನೇ ವಾದ ಮಾಡುತ್ತೇನೆ.

ಅಪೀಲು ಹಾಕುವುದು ಅಂತ ತೀರ್ಮಾನ ಮಾಡಿದೆವು. ಪ್ಲೈವುಡ್ ಬಿಟ್ಟೆ. 2,85,000ವನ್ನೂ ಬಿಟ್ಟೆ. ಕರಡು ಆಧಾರಗಳು ಹೀಗಿವೆ, ತಿದ್ದಿ ಹೇಳಿ:

ಒಂದು, ಬಾಡಿಗೆ 56,000 ಕೇಳಿದ್ದರೂ, ದಾಖಲೆ ಸಿ-7, ಸಿ-8 ಗುರುತಾಗಿದ್ದರೂ, ಆದೇಶದಲ್ಲಿ ಅದರ ಚರ್ಚೆ ಇಲ್ಲ. ಎರಡು, 60,000 ಹೇಗೆ ಬಂತು ಅಂತ ಕಾರಣ ಕೊಟ್ಟಿಲ್ಲ, ದಾಖಲೆಗಳ ಪ್ರಕಾರವೇ ನಷ್ಟ 80,000 ಆಗುತ್ತದೆ (ಲೆಕ್ಕದ ಹಾಳೆ ಲಗತ್ತಿಸಿದೆ, 15,000ದ ಹೊಸ ಐಟಂ ನಾವೇ ಕಳೆದಿದ್ದೇವೆ). ಮೂರು, ದೂರು ಕೊಟ್ಟ ದಿನದಿಂದ ಬಡ್ಡಿ ಕೇಳಿದ್ದೆ, ಅದನ್ನು ನಿರಾಕರಿಸಲು ಕಾರಣ ಕೊಟ್ಟಿಲ್ಲ. ನಾಲ್ಕು, ಕಾಂಟ್ರಾಕ್ಟರ್ ನಮಗೆ ಮಾಡಿದ ಅನ್ಯಾಯ ಮತ್ತು ನಮ್ಮ ಕುಟುಂಬ ಪಟ್ಟ ಕಷ್ಟ.

ಕಲ್ಪತರು_ವಕೀಲ

ಮೊದಲ ಮೂರು ಚೆನ್ನಾಗಿವೆ. ನಾಲ್ಕನೆಯದು ತೆಗೆಯಿರಿ. ಕಷ್ಟ ಪಟ್ಟಿದ್ದು ನಿಜ, ಆದರೆ ಅದು ಆದೇಶದ ತಪ್ಪು ಅಲ್ಲ. 10,000 ಪರಿಹಾರ ಕಡಿಮೆ ಅನ್ನಿಸಿದರೆ ಹಾಗೇ ಬರೆಯಿರಿ, ಯಾಕೆ ಕಡಿಮೆ ಅಂತ ಎರಡು ಸಾಲಿನಲ್ಲಿ.

15,000 ನೀವೇ ಕಳೆದು ತೋರಿಸಿದ್ದು ಬಹಳ ಒಳ್ಳೆಯದಾಯಿತು. ಎದುರಿನವರು ಎತ್ತುವ ಮೊದಲೇ ನೀವು ಹೇಳಿದರೆ ಉಳಿದ 80,000ವನ್ನು ಆಯೋಗ ನಂಬಿಕೆಯಿಂದ ನೋಡುತ್ತದೆ.

ಇನ್ನೊಂದು, ರಾಜ್ಯ ಆಯೋಗದಲ್ಲಿ ಏನು ಆಗುತ್ತದೋ ಹೆಚ್ಚುಕಡಿಮೆ ಅದೇ ಕೊನೆ ಅಂತ ತಿಳಿದು ತಯಾರಿ ಮಾಡಿ. ಅಲ್ಲಿಂದ ರಾಷ್ಟ್ರೀಯ ಆಯೋಗಕ್ಕೆ ಎರಡನೇ ಅಪೀಲು ಇದೆ, ಆದರೆ ಕಲಂ 51ರ ಪ್ರಕಾರ ಗಣನೀಯವಾದ ಕಾನೂನು ಪ್ರಶ್ನೆ ಇದ್ದರೆ ಮಾತ್ರ. ಬಾಡಿಗೆ ರಸೀದಿ ನೋಡಿ ಲೆಕ್ಕ ಹಾಕಿ ಅಂತ ದೆಹಲಿಯಲ್ಲಿ ಕೇಳಲು ಆಗುವುದಿಲ್ಲ.

ಹಳೇ_ಫೈಲು

ಕರಡಿನಲ್ಲಿ ಪ್ರತಿ ಆಧಾರದ ಪಕ್ಕ ಆದೇಶದ ಪ್ಯಾರಾ ನಂಬರ್ ಮತ್ತು ನಿಮ್ಮ ಸೆಟ್ಟಿನ ಪುಟ ಸಂಖ್ಯೆ ಹಾಕಿ. "ಸಿ-7, ಪುಟ ಇಷ್ಟು" ಅಂತ. ಓದುವವರು ಹುಡುಕುವಂತೆ ಮಾಡಬೇಡಿ. ಸೆಟ್ಟು ಹೀಗೆ ಜೋಡಿಸಿ: ಸೂಚಿ, ದಿನಾಂಕಗಳ ಪಟ್ಟಿ, ಅಪೀಲು ಅರ್ಜಿ, ಸರ್ಟಿಫೈಡ್ ಕಾಪಿ, ಆಮೇಲೆ ದೂರು, ಎದುರಿನವರ ತಕರಾರು, ಎರಡೂ ಕಡೆಯ ಪ್ರಮಾಣಪತ್ರ, ದಾಖಲೆಗಳು. ಕೆಳಗೆ ಕೊಟ್ಟ ದಾಖಲೆಗಳಲ್ಲಿ ಯಾವುದನ್ನೂ ಬಿಡಬೇಡಿ, ನಿಮಗೆ ವಿರುದ್ಧ ಇರುವುದನ್ನೂ ಹಾಕಿ. ಕನ್ನಡದಲ್ಲಿರುವ ರಸೀದಿಗಳಿಗೆ ಇಂಗ್ಲಿಷ್ ಅನುವಾದ ಬೇಕಾ ಅಂತ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಆಕ್ಷೇಪಣೆ ಹಾಕಿ ಅರ್ಜಿ ವಾಪಸ್ ಬಂದರೆ ಸರಿಪಡಿಸಲು ಸಮಯ ಕೊಡುತ್ತಾರೆ, ಗಾಬರಿ ಬೇಡ. ಆದರೆ ಆ ಕಾರಣಕ್ಕೇ ಕೊನೆಯ ದಿನದವರೆಗೆ ಕಾಯಬೇಡಿ.

ಮೈಸೂರು_ಮನೆ

ಸರಿ ಸರ್. ನಾಲ್ಕನೆಯದನ್ನು ತೆಗೆದೆ. ಪುಟ ಸಂಖ್ಯೆ ಹಾಕುತ್ತಿದ್ದೇನೆ. ಈ ವಾರವೇ ಅಪ್‌ಲೋಡ್ ಮಾಡುತ್ತೇನೆ, ನಂಬರ್ ಬಿದ್ದ ತಕ್ಷಣ ಇಲ್ಲಿ ಹೇಳುತ್ತೇನೆ. ಬೇಕರಿಯವರೇ, ನಿಮ್ಮ ಆದೇಶದ ತಾರೀಖು ನೋಡಿದಿರಾ? ನಿಮಗೂ 45 ದಿನವೇ.